ಚಾಮುಂಡಿ ಬೆಟ್ಟ ಇಳಿಯುವುದು ಹೇಗೆ

ಭಾನುವಾರ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಚಾಮುಂಡಿ ಬೆಟ್ಟದ ಪಾದದ ಹತ್ತಿರ ಹೋಗಿ ನಿಂತರೆ ಎರಡು ಥರದ ಜನ ಸಿಗುತ್ತಾರೆ. ಹತ್ತಲು ಬಂದವರು ಸೆಲ್ಫಿ ತೆಗೆದುಕೊಂಡು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈಗಡಿಯಾರ ಒತ್ತಿ ಹೊರಟುಬಿಡುತ್ತಾರೆ. ಇಳಿದು ಬಂದವರು ಮಾತ್ರ ಬೇಗ ಎಲ್ಲಿಗೂ ಹೊರಡುವುದಿಲ್ಲ. ಸಿಕ್ಕ ಕಲ್ಲಿನ ಮೇಲೆ ಕೂತು ತೊಡೆ ನೀವಿಕೊಳ್ಳುತ್ತಾರೆ. ಎದ್ದು ನಿಂತರೆ ಮಂಡಿ ನಡುಗುತ್ತದೆ, ಮತ್ತೆ ಕೂರುತ್ತಾರೆ. ಸ್ಕೂಟರಿನ ತನಕ ಹೋಗುವುದಕ್ಕೂ ಪಕ್ಕದವರ ಹೆಗಲು ಬೇಕು. "ಹತ್ತೋದೇನೂ ಅನ್ನಿಸ್ಲೇ ಇಲ್ಲ, ಇಳಿಯೋದ್ರಲ್ಲಿ ಕಾಲು ಹೋಯ್ತು" ಎನ್ನುವ ಮಾತು ವಾರವಾರವೂ ಹೊಸ ಬಾಯಿಂದ, ಹೊಸ ಆಶ್ಚರ್ಯದಲ್ಲೇ ಬರುತ್ತದೆ.

ಮೈಸೂರಿನಲ್ಲಿ ಬೆಟ್ಟ ಹತ್ತುವವರು ಒಬ್ಬರಿಗೊಬ್ಬರು ಕೇಳಿಕೊಳ್ಳುವ ಮೊದಲ ಪ್ರಶ್ನೆ "ಎಷ್ಟು ನಿಮಿಷ?" ಎಂದು. ಆ ನಿಮಿಷ ಹತ್ತಿದ್ದರ ಲೆಕ್ಕ. ಇಳಿದ ನಿಮಿಷವನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಇಳಿಯುವುದು ವ್ಯಾಯಾಮದ ಬಾಬತ್ತಿಗೇ ಸೇರುವುದಿಲ್ಲ, ಮನೆಗೆ ವಾಪಸಾಗುವ ದಾರಿ ಅಷ್ಟೇ. ಹಾಗೆಂದೇ ಅದನ್ನು ಓಡಿಕೊಂಡು, ಮಾತಾಡಿಕೊಂಡು, ಮೊಬೈಲು ನೋಡಿಕೊಂಡು ಮುಗಿಸುತ್ತಾರೆ. ಮಂಡಿ ನೋಯುವುದು, ಪಾದ ಉಳುಕುವುದು, ಹೆಬ್ಬೆರಳ ಉಗುರು ಕಪ್ಪಾಗುವುದು ಬಹುಪಾಲು ಈ ದಾರಿಯಲ್ಲೇ. ಬೆಟ್ಟ ಹತ್ತುವುದಕ್ಕೆ ಉಸಿರು ಸಾಕು. ಇಳಿಯುವುದನ್ನು ಕಲಿಯಬೇಕು, ಅದಕ್ಕೆ ಅಭ್ಯಾಸವೂ ಬೇಕು ಎನ್ನುವುದು ಈ ಬರಹದ ವಾದ.

ಉಸಿರು ಎಚ್ಚರಿಸುತ್ತದೆ, ಮಂಡಿ ಎಚ್ಚರಿಸುವುದಿಲ್ಲ

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಮೇಲಿದೆ, ಮೈಸೂರು ಪೇಟೆ ಸುಮಾರು 770 ಮೀಟರಿನಲ್ಲಿದೆ. ಮೆಟ್ಟಿಲು 17ನೇ ಶತಮಾನದವು, ದೊಡ್ಡ ದೇವರಾಜ ಒಡೆಯರ ಕಾಲದವು. ಸಾವಿರ ಎನ್ನುವವರಿದ್ದಾರೆ, ಸಾವಿರದ ಎಂಟು ಎನ್ನುವವರಿದ್ದಾರೆ. ನಡುನಡುವೆ ಬರುವ ಇಳಿಜಾರು ಹಾಸುಗಲ್ಲುಗಳನ್ನು ಮೆಟ್ಟಿಲೆಂದು ಎಣಿಸಬೇಕೋ ಬೇಡವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ನಮ್ಮ ಕೆಲಸಕ್ಕೆ ಸಾವಿರ ಎಂದುಕೊಂಡರೆ ಸಾಕು. ಏಳುನೂರರ ಆಸುಪಾಸಿನಲ್ಲಿ ನಂದಿಯ ದೊಡ್ಡ ಕಲ್ಲಿನ ವಿಗ್ರಹ, ಅಲ್ಲಿಂದ ಮೇಲಕ್ಕೆ ಇನ್ನೊಂದು ಮುನ್ನೂರು. ಬುಡದ ಭಾಗವೇ ಕಡಿದು. ಮೇಲಿನ ಭಾಗದಲ್ಲಿ ನಡುವೆ ಸಮತಟ್ಟು ಸಿಗುತ್ತದೆ, ಕಾಲಿಗೆ ಬಿಡುವು ಸಿಗುತ್ತದೆ. ಹತ್ತುವವರಿಗೆ ಇದು ಅನುಕೂಲವೇ, ಮೈಯಲ್ಲಿ ಕಸುವಿದ್ದಾಗಲೇ ಕಷ್ಟದ ಭಾಗ ಮುಗಿದುಹೋಗುತ್ತದೆ. ಇಳಿಯುವವರಿಗೆ ತಿರುಗುಮುರುಗು. ಕಾಲು ಸೋತು ಬಂದ ಹೊತ್ತಿಗೆ ಕಡಿದಾದ ಮೆಟ್ಟಿಲು ಎದುರಾಗುತ್ತದೆ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ, ಬೀಳುತ್ತಿರುವ ದೇಹವನ್ನು ತಡೆದು ಮೆಲ್ಲಗೆ ಕೆಳಗಿಡುತ್ತದೆ. ಎಳೆತದಲ್ಲಿರುವಾಗಲೇ ಭಾರ ಹೊರುವ ಈ ಕೆಲಸ ಸ್ನಾಯುವಿನ ಎಳೆಗಳಿಗೆ ಬಹಳ ಪೆಟ್ಟು ಕೊಡುತ್ತದೆ, ಆದರೆ ಅದಕ್ಕೆ ಬೇಕಾಗುವ ಆಮ್ಲಜನಕ ಹತ್ತುವುದಕ್ಕೆ ಬೇಕಾದ ಅರ್ಧದಷ್ಟೂ ಇಲ್ಲ. ತೊಡಕಿರುವುದೇ ಇಲ್ಲಿ. ಹತ್ತುವಾಗ ಅತಿಯಾದರೆ ಉಸಿರು ಕಟ್ಟುತ್ತದೆ, ಎದೆ ಬಡಿದುಕೊಳ್ಳುತ್ತದೆ, ತಾನಾಗೇ ನಿಲ್ಲುತ್ತೀರಿ. ಇಳಿಯುವಾಗ ಏದುಸಿರಿಲ್ಲ, ಬೆವರೂ ಆರುತ್ತಿರುತ್ತದೆ. ತಂಗಾಳಿ, ಕೆಳಗೆ ಇಡೀ ಊರು. ದಣಿದಿದ್ದೇವೆ ಎಂದು ಹೇಳುವ ಗುರುತು ಒಂದೂ ಇಲ್ಲ. ಮಂಡಿ ನಡುಗಲು ಶುರುವಾದಾಗಲೇ ಗೊತ್ತಾಗುವುದು, ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ.

ನೋವಾದರೂ ಕೂಡಲೇ ಬಂದರೆ ಕಾರಣ ಹೊಳೆಯುತ್ತಿತ್ತು. ಅದು ಮರುದಿನ ಬರುತ್ತದೆ, ಎರಡನೆಯ ದಿನ ಹೆಚ್ಚಾಗುತ್ತದೆ, ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ. ಭಾನುವಾರ ಬೆಟ್ಟಕ್ಕೆ ಹೋದವರು ಮಂಗಳವಾರ ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುತ್ತಾರೆ. ಅದಕ್ಕೆ ದುಡಿಯುವ ಸ್ನಾಯುವಿನಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಸಿಡ್ ಕಾರಣ ಎನ್ನುವುದು ರೂಢಿ, ಆದರೆ ಆ ಆಸಿಡ್ ರಕ್ತದಿಂದ ಒಂದೆರಡು ಗಂಟೆಯೊಳಗೆ ಕರಗಿಹೋಗಿರುತ್ತದೆ. ಮಂಗಳವಾರದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಹರಿದ ಗಾಯ, ಅದನ್ನು ಸರಿಪಡಿಸಲು ಹೊರಟ ಉರಿಯೂತ. ಇದರಿಂದ ಕಾಯಂ ಹಾನಿ ಏನೂ ಇಲ್ಲ. ಲಾಭವೂ ಒಂದುಂಟು, ಮುಂದೆ ಹೇಳುತ್ತೇನೆ.

ಮಂಡಿಚಿಪ್ಪಿನ ಕಥೆ ಬೇರೆ. ಸಮತಟ್ಟಿನಲ್ಲಿ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕದಷ್ಟೂ ಇರುವುದಿಲ್ಲ. ಮೆಟ್ಟಿಲಿನಲ್ಲಿ ಅದು ಸುಮಾರು ಮೂರು ಪಟ್ಟಿಗೆ ಏರುತ್ತದೆ. ಮಂಡಿ ಎಷ್ಟು ಮಡಿಸುತ್ತೀರೋ ಅಷ್ಟು ಒತ್ತಡ. 70 ಕೆ.ಜಿ. ತೂಕದವರು ಸಾವಿರ ಮೆಟ್ಟಿಲು ಇಳಿದರೆ ಒಂದೊಂದು ಮಂಡಿಯೂ ಐನೂರು ಸಲ ಸುಮಾರು 200 ಕೆ.ಜಿ.ಯ ಒತ್ತಡವನ್ನು ತಡೆದಿರುತ್ತದೆ. ಸ್ನಾಯು ಗಟ್ಟಿಯಿದ್ದರೆ ಚಿಪ್ಪು ತನ್ನ ಜಾಡಿನಲ್ಲಿ ನೇರವಾಗಿ ಓಡಾಡುತ್ತದೆ. ಸ್ನಾಯು ಸೋತರೆ ಮಂಡಿ ಒಳಕ್ಕೆ ವಾಲುತ್ತದೆ, ಚಿಪ್ಪು ಒಂದು ಬದಿಗೆ ಉಜ್ಜುತ್ತದೆ. ಕಡೆಯ ಮುನ್ನೂರು ಮೆಟ್ಟಿಲಲ್ಲೇ ನೋವು ಶುರುವಾಗುವುದು ಇದಕ್ಕೆ.

(ತೂಕ ಇಳಿಸಲು ಬೆಟ್ಟ ಹತ್ತುವವರಿಗೆ ಒಂದು ಲೆಕ್ಕ. ಒಂದು ಮೆಟ್ಟಿಲಿಗೆ 20 ಸೆಂ.ಮೀ. ಹಿಡಿದರೆ ಏರಿದ್ದು 200 ಮೀಟರ್. 70 ಕೆ.ಜಿ. ದೇಹವನ್ನು ಅಷ್ಟು ಎತ್ತರಕ್ಕೆ ಎತ್ತುವ ಕೆಲಸ 33 ಕಿಲೋಕ್ಯಾಲರಿ. ಸ್ನಾಯು ತಾನು ಸುಡುವುದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾಡುತ್ತದೆಂದು ಹಿಡಿದರೂ ಖರ್ಚಾದದ್ದು ಸುಮಾರು 130. ಇಳಿದ ಮೇಲೆ ತಿನ್ನುವ ಬೆಣ್ಣೆ ಮಸಾಲೆ ದೋಸೆ ಇದರ ಎರಡರಷ್ಟಾದರೂ ಆಗುತ್ತದೆ. ಬೆಟ್ಟ ಹೃದಯಕ್ಕೆ, ಶ್ವಾಸಕೋಶಕ್ಕೆ, ಕಾಲಿಗೆ ಒಳ್ಳೆಯದು. ತೂಕದ ವಿಷಯ ಅಡುಗೆಮನೆಯಲ್ಲೇ ಇತ್ಯರ್ಥವಾಗಬೇಕು.)

ಕುಕ್ಕರಹಳ್ಳಿ ಕೆರೆ ಕಲಿಸದಿರುವುದು

"ನಾನು ದಿನಾ ವಾಕಿಂಗ್ ಮಾಡ್ತೀನಿ, ಬೆಟ್ಟ ಏನು ಮಹಾ" ಎಂದು ಬರುವವರೇ ಹೆಚ್ಚು ಒದ್ದಾಡುವುದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಕಾಣುವ ದೃಶ್ಯ ನೆನಪು ಮಾಡಿಕೊಳ್ಳಿ. ನಿವೃತ್ತರಾದ ನಾಲ್ಕೈದು ಜನ ಸಾಲಾಗಿ, ದಾರಿಯನ್ನು ಪೂರಾ ಹಿಡಿದುಕೊಂಡು, ಪೆನ್ಷನ್ನಿನಿಂದ ಹಿಡಿದು ದಿಲ್ಲಿಯವರೆಗೂ ಮಾತಾಡುತ್ತಾ ಬಿರುಸಾಗಿ ಸುತ್ತು ಹಾಕುತ್ತಾರೆ. ಹಿಂದಿನಿಂದ ಬಂದವರು "ಸ್ವಲ್ಪ ದಾರಿ ಬಿಡಿ ಸಾರ್" ಎನ್ನಬೇಕು. ಪೂರ್ತಿ ಸುತ್ತು ಮುಗಿಸಿದರೂ ಅವರಿಗೆ ಉಸಿರು ಹತ್ತುವುದಿಲ್ಲ, ಮಾತು ತುಂಡಾಗುವುದಿಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ ಇದು. ಊರ ಜನಕ್ಕೆ ಇದಕ್ಕಿಂತ ಒಳ್ಳೆಯ ನಡಿಗೆಯ ಜಾಗ ಸಿಗುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ಚಟುವಟಿಕೆ ಇಲ್ಲಿ ಸಲೀಸಾಗಿ ಮುಗಿಯುತ್ತದೆ.

ಅದೇ ಸಂಸ್ಥೆ ಅದೇ ಪಟ್ಟಿಯಲ್ಲಿ ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಬೇಕು ಎಂದೂ ಹೇಳುತ್ತದೆ. ನಮ್ಮ ವಾಕಿಂಗ್ ಗುಂಪುಗಳು ಆ ಎರಡನೆಯ ಸಾಲನ್ನು ಓದುವುದಿಲ್ಲ. ಸಮತಟ್ಟಾದ ದಾರಿಯಲ್ಲಿ ಮಂಡಿ ಮಡಿಯುವುದು ಸ್ವಲ್ಪವೇ, ದೇಹ ಕೆಳಕ್ಕೆ ಬೀಳುವುದು ಒಂದೆರಡು ಅಂಗುಲ ಮಾತ್ರ. ಬ್ರೇಕ್ ಹಾಕುವ ಸ್ನಾಯುವಿಗೆ ಅಲ್ಲಿ ಕೆಲಸವೇ ಇಲ್ಲ. ಹತ್ತು ವರ್ಷ ಕೆರೆ ಸುತ್ತಿದವರ ಎದೆ ಬೆಟ್ಟ ಹತ್ತಲು ತಯಾರಾಗಿರುತ್ತದೆ, ತೊಡೆ ಇಳಿಯಲು ತಯಾರಾಗಿರುವುದಿಲ್ಲ. ಎದೆ ತಯಾರಿದೆ ಎಂಬ ಧೈರ್ಯದಲ್ಲೇ ಅವರು ಒಂದೇ ಏಟಿಗೆ ಪೂರ್ತಿ ಹತ್ತಿ ಪೂರ್ತಿ ಇಳಿದುಬಿಡುತ್ತಾರೆ. ಸ್ವಲ್ಪ ದಪ್ಪಗಿರುವ, ಉಸಿರು ಸಾಲದವರು ನಂದಿಯ ಹತ್ತಿರವೇ ಕೂತು ಆ ಮಟ್ಟಿಗೆ ಪಾರಾಗುತ್ತಾರೆ.

ಅರಿಶಿನ ಕುಂಕುಮದ ನಡಿಗೆ

ಈ ಬೆಟ್ಟವನ್ನು ಎಲ್ಲರಿಗಿಂತ ಚೆನ್ನಾಗಿ ಹತ್ತುವವರು ಸ್ಪೋರ್ಟ್ಸ್ ಶೂ ಹಾಕಿದವರಲ್ಲ, ಹರಕೆಯವರು. ಆಷಾಢದ ಒಂದು ಬೆಳಿಗ್ಗೆ ಕಂಡದ್ದು: ಇಬ್ಬರು ಹೆಂಗಸರು, ಒಬ್ಬರಿಗೆ ಅರವತ್ತು ದಾಟಿರಬೇಕು, ಇನ್ನೊಬ್ಬರು ಸೊಸೆಯ ವಯಸ್ಸಿನವರು. ಬರಿಗಾಲು. ದೊಡ್ಡವರ ಕೈಯಲ್ಲಿ ಅರಿಶಿನದ ಬಟ್ಟಲು, ಚಿಕ್ಕವರ ಕೈಯಲ್ಲಿ ಕುಂಕುಮ. ಒಂದು ಮೆಟ್ಟಿಲು ಹತ್ತುವುದು, ಬಗ್ಗಿ ಮುಂದಿನದಕ್ಕೆ ಹಚ್ಚುವುದು, ಏಳುವುದು, ಮತ್ತೆ ಒಂದು ಮೆಟ್ಟಿಲು. ಪಕ್ಕದಲ್ಲಿ ಹುಡುಗರ ಗುಂಪೊಂದು ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಯಿತು, ನೂರು ಮೆಟ್ಟಿಲಾಚೆ ಬಂಡೆಗೆ ಒರಗಿ ನಿಂತಿತು. ಇವರು ಅವರನ್ನು ದಾಟಿ ಹೋದರು. ಮತ್ತೆ ಅವರು ಹಾರಿಕೊಂಡು ಬಂದರು, ಮತ್ತೆ ನಿಂತರು. ನಂದಿಗೆ ಸ್ವಲ್ಪ ಕೆಳಗೆ ಸೊಸೆ, "ಅತ್ತೆ, ಒಂದ್ಗಳಿಗೆ ಕೂತ್ಕೊಳ್ಳಣ್ವಾ?" ಎಂದರು. ದೊಡ್ಡವರು ಬಗ್ಗಿದಲ್ಲಿಂದಲೇ, "ಕೂತ್ರೆ ಕಾಲು ಹಿಡ್ಕೊಳ್ತದೆ ಕಣವ್ವ. ನಿಂತ್ಕೊಂಡೇ ನೀರು ಕುಡಿ" ಎಂದರು. ನಂದಿಯ ಹತ್ತಿರ ಕಂಡಾಗ ಇಬ್ಬರಿಗೂ ಏದುಸಿರಿರಲಿಲ್ಲ.

ಅವರ ಹತ್ತುವ ವಿಧಾನವನ್ನು ಯಾವ ತರಬೇತುದಾರನೂ ತಿದ್ದಬೇಕಾಗಿಲ್ಲ. ಬಗ್ಗಿ ಏಳುವುದರಿಂದ ಪ್ರತಿ ಮೆಟ್ಟಿಲಿಗೂ ಎರಡು ಮೂರು ಸೆಕೆಂಡಿನ ಬಿಡುವು ಸಿಗುತ್ತದೆ, ನಾಡಿ ಏರುವುದಿಲ್ಲ, ವೇಗ ತಾನಾಗೇ ಒಂದೇ ಸಮ ಇರುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು ಎನ್ನುವ ಹಳೆಯ ಅಳತೆಯೊಳಗೇ ಅವರು ಉದ್ದಕ್ಕೂ ಇರುತ್ತಾರೆ. ಹುಡುಗರು ಎರಡು ನಿಮಿಷ ಅಳತೆ ಮೀರಿ, ಐದು ನಿಮಿಷ ತಣ್ಣಗಾಗಿ, ಮತ್ತೆ ಮೀರುತ್ತಾರೆ. ಇನ್ನು ಮುಖ್ಯವಾದದ್ದು: ಹರಕೆಯ ಹೆಂಗಸರಲ್ಲಿ ಬಹಳ ಮಂದಿ ದರ್ಶನ ಮುಗಿಸಿ ಬಸ್ಸಿನಲ್ಲಿ ಇಳಿಯುತ್ತಾರೆ. ಹರಕೆ ಇರುವುದು ಹತ್ತುವುದಕ್ಕೆ ಮಾತ್ರ.

ಹಾಗಾದರೆ ಉಳಿದವರೇಕೆ ಬಸ್ಸು ಹತ್ತುವುದಿಲ್ಲ? ಕಾರಣ ಶೌರ್ಯವಲ್ಲ, ಸ್ಕೂಟರು. ಅದನ್ನು ಬೆಟ್ಟದ ಪಾದದಲ್ಲಿ ನಿಲ್ಲಿಸಿ ಬಂದಿರುತ್ತಾರೆ. ಮೇಲಿನಿಂದ ಹೊರಡುವ 201 ನಂಬರಿನ ಬಸ್ಸು ಹೋಗುವುದು ನಗರ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಪಾದಕ್ಕೆ ಮತ್ತೆ ಆಟೊ. ಆ ಆಟೊ ದುಡ್ಡು ಉಳಿಸಲು ಸಾವಿರ ಮೆಟ್ಟಿಲು ಇಳಿಯುತ್ತಾರೆ. ಮೊದಲ ಸಲ ಹೋಗುವವರಿಗೆ, ಐವತ್ತು ದಾಟಿದವರಿಗೆ, ಮಂಡಿ ನೋವಿನ ಚರಿತ್ರೆ ಇರುವವರಿಗೆ ಹೇಳಬಹುದಾದ ಬಹು ಉಪಯೋಗದ ಮಾತು ಇದು: ಸ್ಕೂಟರನ್ನು ಬಸ್ ನಿಲ್ದಾಣದ ಕಡೆ ಬಿಟ್ಟು ಪಾದಕ್ಕೆ ಆಟೊದಲ್ಲಿ ಬನ್ನಿ. ಆಗ ಮೇಲೆ ನಿಂತು, ಕಾಲು ಏನು ಹೇಳುತ್ತದೆಂದು ಕೇಳಿ, ಇಳಿಯುವುದೋ ಬೇಡವೋ ಎಂದು ನೀವು ತೀರ್ಮಾನ ಮಾಡಬಹುದು.

ಇಳಿಯುವ ಕ್ರಮ

ಮೇಲೆ ತಲುಪಿದ ಕೂಡಲೇ ಇಳಿಯಲು ಹೊರಡಬಾರದು. ಹದಿನೈದು ಇಪ್ಪತ್ತು ನಿಮಿಷ ಓಡಾಡಿಕೊಂಡಿದ್ದು, ಒಂದು ಲೋಟದಷ್ಟು ನೀರು ಕುಡಿದು, ಬಾಳೆಹಣ್ಣು ತಿಂದು, ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳಬೇಕು. ಹತ್ತುವಾಗಿನ ಕಟ್ಟು ಇಳಿಯುವುದಕ್ಕೆ ಸಾಲದು. ಇಳಿಜಾರಿನಲ್ಲಿ ಪಾದ ಶೂವಿನೊಳಗೆ ಮುಂದಕ್ಕೆ ಜಾರುತ್ತದೆ, ಹೆಬ್ಬೆರಳ ಉಗುರು ತುದಿಗೆ ನೂರಾರು ಸಲ ಗುದ್ದುತ್ತದೆ. ಕಪ್ಪು ಉಗುರು ಬರುವುದು ಹಾಗೆ. ಹೆಚ್ಚಿನ ಸ್ಪೋರ್ಟ್ಸ್ ಶೂಗಳಲ್ಲಿ ಕಣಕಾಲಿನ ಹತ್ತಿರ ಯಾರೂ ಬಳಸದ ಒಂದು ತೂತು ಹೆಚ್ಚಿಗೆ ಇರುತ್ತದೆ. ಲೇಸನ್ನು ಎದುರು ಬದಿಗೆ ಒಯ್ಯದೆ ಅದೇ ಬದಿಯ ಆ ತೂತಿಗೆ ಹಾಕಿದರೆ ಎರಡೂ ಕಡೆ ಒಂದೊಂದು ಕುಣಿಕೆ ಉಳಿಯುತ್ತದೆ. ಬಲಗಡೆಯ ಲೇಸನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆಯದರೊಳಗೆ ತೂರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿಕೊಂಡು ಕೆಳಮುಖವಾಗಿ ಎಳೆದು ಕಟ್ಟಬೇಕು. ಹಿಮ್ಮಡಿ ಅಲುಗದಂತೆ ಕೂರುತ್ತದೆ, ಬೆರಳಿಗೆ ಜಾಗ ಉಳಿಯುತ್ತದೆ. ಶೂ ಕೊಳ್ಳುವಾಗಲೇ ಬೆರಳ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ಜಾಗ ನೋಡಿಕೊಂಡಿರಬೇಕು. ಉಗುರು ಕತ್ತರಿಸುವುದು ಹೋಗುವ ಎರಡು ದಿನ ಮೊದಲು, ಹಿಂದಿನ ರಾತ್ರಿಯಲ್ಲ. ಮೆತ್ತನೆಯ ದಪ್ಪ ಅಟ್ಟೆಯ ಓಟದ ಶೂ ರಸ್ತೆಗೆ ಹಿತ, ಆದರೆ ಈ ಕಲ್ಲಿನ ಅಂಚಿನ ಮೇಲೆ ಪಾದ ಆಚೀಚೆ ವಾಲುತ್ತದೆ. ಅಟ್ಟೆ ತೆಳ್ಳಗಿದ್ದು ಹಿಡಿತ ಚೆನ್ನಾಗಿರುವುದೇ ಮೇಲು.

ಹೆಜ್ಜೆಯ ವಿಷಯಕ್ಕೆ ಬಂದರೆ, ಬೀಳುತ್ತೇನೆಂಬ ಭಯಕ್ಕೆ ಎಲ್ಲರೂ ಬೆನ್ನನ್ನು ಹಿಂದಕ್ಕೆ ವಾಲಿಸುತ್ತಾರೆ. ಆಗ ಹಿಮ್ಮಡಿ ಮೊದಲು ಬೀಳುತ್ತದೆ, ಮಂಡಿ ನೇರವಾಗಿ ಸೆಟೆದುಕೊಂಡು ಏಟು ಸೊಂಟದವರೆಗೂ ಹೋಗುತ್ತದೆ, ಜಾರಿದರೆ ಕೂತೇಬಿಡುತ್ತೀರಿ. ಎದೆ ಸೊಂಟಕ್ಕಿಂತ ತುಸು ಮುಂದಿರಲಿ, ಮಂಡಿ ಯಾವಾಗಲೂ ಸ್ವಲ್ಪ ಮಡಿಸಿರಲಿ, ಪಾದದ ಮುಂಭಾಗ ಮೊದಲು ಮೆಟ್ಟಿಲು ಮುಟ್ಟಿ ಆಮೇಲೆ ಹಿಮ್ಮಡಿ ಕೂರಲಿ. ಮೀನಖಂಡವೂ ಆಗ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಭಾರ ಹೊತ್ತ ಮಂಡಿ ಕಾಲಿನ ಎರಡನೆಯ ಬೆರಳಿನ ನೇರಕ್ಕೆ ಇರಬೇಕು. ಅದು ಹೆಬ್ಬೆರಳಿನ ಒಳಗೆ ವಾಲಿತೆಂದರೆ ಸ್ನಾಯು ಸೋತಿದೆ ಎಂದರ್ಥ, ನಿಲ್ಲುವ ಹೊತ್ತು ಬಂತು. ಅಗಲವಾದ ಮೆಟ್ಟಿಲು ಸಿಕ್ಕಾಗ ನೇರ ಇಳಿಯದೆ ಎಡದಿಂದ ಬಲಕ್ಕೆ ಓರೆಯಾಗಿ ಇಳಿದರೆ ಪ್ರತಿ ಹೆಜ್ಜೆಯ ಇಳಿಕೆ ಕಡಿಮೆಯಾಗುತ್ತದೆ. ತೀರಾ ಎತ್ತರದ ಮೆಟ್ಟಿಲಿನಲ್ಲಿ ಅಡ್ಡ ತಿರುಗಿ ಇಳಿಯಬಹುದು, ಆದರೆ ಹತ್ತು ಮೆಟ್ಟಿಲಿಗೊಮ್ಮೆ ಮಗ್ಗುಲು ಬದಲಿಸಬೇಕು. ಉದ್ದಕ್ಕೂ ಬಲಮಗ್ಗುಲಾಗೇ ಇಳಿದು ಒಂದೇ ಮಂಡಿ ಕೆಡಿಸಿಕೊಂಡವರುಂಟು.

ಮನೆಯ ಮೆಟ್ಟಿಲು ಒಂದೇ ಅಳತೆಯದು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಲಿಗೆ ಆ ಅಳತೆ ಗೊತ್ತಾಗಿಬಿಡುತ್ತದೆ, ಮುಂದೆ ಕಣ್ಣು ಬೇಕಿಲ್ಲ. ಇಲ್ಲಿ ಒಂದು ಗೇಣಿನದು, ಮುಂದಿನದು ಅದಕ್ಕಿಂತ ನಾಲ್ಕು ಬೆರಳು ಎತ್ತರದ್ದು, ಅದರ ಮುಂದಿನದು ಹೊರಕ್ಕೆ ವಾಲಿದ್ದು. ನೆಲ ಇನ್ನೂ ಸಿಗಲಿಲ್ಲವಲ್ಲ ಎಂದು ಕಾಲು ಗಾಳಿಯಲ್ಲಿ ತಡವರಿಸುವ ಆ ಅರೆಕ್ಷಣದಲ್ಲೇ ಪಾದ ಉಳುಕುವುದು. ಎರಡು ಮೂರು ಮೆಟ್ಟಿಲು ಮುಂದೆ ಕಣ್ಣಿಟ್ಟು ಇಳಿಯಬೇಕು. ಫೋನು ಜೇಬಿನಲ್ಲಿರಬೇಕು. ಮೇಲೆ ದೂರದ, ಕೆಳಗೆ ಓದುವ ಗಾಜಿರುವ ಬೈಫೋಕಲ್ ಕನ್ನಡಕ ಹಾಕುವವರು ಗಲ್ಲ ಬಗ್ಗಿಸಿ ಮೇಲಿನ ಗಾಜಿನಿಂದ ಮೆಟ್ಟಿಲು ನೋಡಬೇಕು, ಓದುವ ಗಾಜಿನಲ್ಲಿ ಅಂಚು ಮಸುಕಾಗಿ ಕಾಣುತ್ತದೆ. ಕಂಬಿ ಇರುವ ಕಡೆ ಹಿಡಿಯಲು ನಾಚಿಕೆ ಬೇಡ. ಚಾರಣದ ಕೋಲು ತರುವವರು ಎರಡು ತರಬೇಕು, ಇಳಿಯುವಾಗ ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿಕೊಂಡು ಕಾಲಿಗಿಂತ ಮೊದಲು ಕೆಳಗಿನ ಮೆಟ್ಟಿಲಿಗೆ ಊರಬೇಕು. ಕಬ್ಬಿಣದ ಮೊನೆ ಗ್ರಾನೈಟಿನ ಮೇಲೆ ಜಾರುತ್ತದೆ, ರಬ್ಬರ್ ಟೋಪಿ ಹಾಕಿಕೊಳ್ಳಿ. ಒಂದು ಮಂಡಿ ಮೊದಲೇ ನೋಯುತ್ತಿದ್ದರೆ ಇಳಿಯುವಾಗ ನೋವಿನ ಕಾಲು ಮೊದಲು ಕೆಳಗೆ, ಹತ್ತುವಾಗ ಗಟ್ಟಿ ಕಾಲು ಮೊದಲು ಮೇಲೆ. ಇಳಿಯುವಾಗ ದುಡಿಯುವುದು ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲು ಎಂಬುದು ನೆನಪಿದ್ದರೆ ಇದು ಮರೆಯುವುದಿಲ್ಲ.

ವೇಗ? ಹತ್ತಲು 40 ನಿಮಿಷ ಹಿಡಿದಿದ್ದರೆ ಇಳಿಯಲು 30 ನಿಮಿಷವಾದರೂ ಇಟ್ಟುಕೊಳ್ಳಿ. ಹದಿನೈದು ನಿಮಿಷದಲ್ಲಿ ಇಳಿದೆ ಎನ್ನುವವರನ್ನು ಮಂಗಳವಾರ ಮಾತಾಡಿಸಿ.

ಮನೆಯಲ್ಲೇ ಆಗುವ ತಯಾರಿ

ಸ್ನಾಯುವಿನ ಒಂದು ಒಳ್ಳೆಯ ಗುಣವೆಂದರೆ, ಇಳಿಯುವ ಪೆಟ್ಟನ್ನು ಒಮ್ಮೆ ತಿಂದರೆ ಕೆಲವು ವಾರದ ಮಟ್ಟಿಗೆ ಮುಂದಿನ ಪೆಟ್ಟು ಅಷ್ಟು ತಾಗದು. ಮೇಲೆ ಹೇಳುತ್ತೇನೆಂದ ಲಾಭ ಇದೇ. ಮೊದಲ ಪೆಟ್ಟು ಚಿಕ್ಕದಿದ್ದರೂ ಈ ರಕ್ಷಣೆ ಬರುತ್ತದೆ, ಹಾಗಾಗಿ ಸಾವಿರ ಮೆಟ್ಟಿಲಿಂದಲೇ ಶುರುಮಾಡುವ ಅಗತ್ಯವಿಲ್ಲ.

ಮನೆಯ ಕೆಳಗಿನ ಮೆಟ್ಟಿಲು, 15ರಿಂದ 20 ಸೆಂ.ಮೀ. ಎತ್ತರದ್ದು, ಸಾಕು. ಅದರ ಅಂಚಿನಲ್ಲಿ ಒಂದು ಕಾಲ ಮೇಲೆ ನಿಂತು, ಗೋಡೆಗೆ ಬೆರಳು ತಾಗಿಸಿಕೊಂಡು, ಇನ್ನೊಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ, ಹಿಮ್ಮಡಿ ನೆಲಕ್ಕೆ ತಾಗಿದ ಕೂಡಲೇ ಭಾರ ಬಿಡದೆ ಮೇಲೆ ಬರಬೇಕು. ಒಂದು ಕಾಲಿಗೆ ಎಂಟರಿಂದ ಹನ್ನೆರಡು ಸಲ, ಅಂಥ ಮೂರು ಸುತ್ತು, ವಾರಕ್ಕೆ ಎರಡು ದಿನ. ಕನ್ನಡಿಯ ಮುಂದೆ ಮಾಡಿದರೆ ಮಂಡಿ ಒಳಕ್ಕೆ ವಾಲುವುದು ಕಣ್ಣಿಗೇ ಕಾಣುತ್ತದೆ. ವಾಲುತ್ತಿದ್ದರೆ ಮೆಟ್ಟಿಲ ಎತ್ತರ ಕಡಿಮೆ ಮಾಡಿ, ದಪ್ಪ ಹಲಗೆ ಸಾಕು. ಇದೂ ಕಷ್ಟವಾದವರು ಕುರ್ಚಿಯಿಂದ ಶುರುಮಾಡಲಿ: ಕೈ ಊರದೆ ಎದ್ದು, ನಾಲ್ಕು ಎಣಿಸುತ್ತಾ ಕೂರುವುದು. ಧೊಪ್ಪನೆ ಕೂತರೆ ವ್ಯಾಯಾಮವಲ್ಲ, ನಿಧಾನವಾಗಿ ಕೂರುವುದರಲ್ಲೇ ಕೆಲಸ ಇರುವುದು. ಜೊತೆಗೆ ತುದಿಗಾಲಲ್ಲಿ ನಿಂತು ನಿಧಾನ ಇಳಿಯುವುದು ಹದಿನೈದು ಸಲ. ನಾಲ್ಕರಿಂದ ಆರು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟಿನವರು ಲಿಫ್ಟಿನಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿಯಬಹುದು. ಎಲ್ಲರೂ ಮಾಡುವುದು ಇದರ ತಿರುಗುಮುರುಗು.

ಆಮೇಲೆ ಬೆಟ್ಟ. ಮೊದಲ ಸಲ ಬಸ್ಸಿನಲ್ಲಿ ಮೇಲೆ ಹೋಗಿ, ಅಲ್ಲಿಂದ ನಂದಿಯವರೆಗೆ ಇಳಿದು, ಮತ್ತೆ ಹತ್ತಿ, ಬಸ್ಸಿನಲ್ಲೇ ವಾಪಸ್ ಬನ್ನಿ. ಕೇಳಿದವರು ನಗಬಹುದು. ಆದರೆ ಮೆಟ್ಟಿಲು ಸುಲಭವಿರುವ ಭಾಗದಲ್ಲಿ, ಕಾಲಿಗೆ ಇನ್ನೂ ಶಕ್ತಿ ಇರುವಾಗ, ಮುನ್ನೂರು ಮೆಟ್ಟಿಲು ಇಳಿಯುವ ಪಾಠ ಇದರಿಂದ ಆಗುತ್ತದೆ, ಕೆಟ್ಟರೆ ಪಕ್ಕದಲ್ಲೇ ಬಸ್ಸಿದೆ. ಒಂದು ವಾರ ಹತ್ತು ದಿನ ಬಿಟ್ಟು ಪಾದದಿಂದ ಮುನ್ನೂರು ಮೆಟ್ಟಿಲು ಹತ್ತಿ ಇಳಿಯಿರಿ, ಇದು ಕಡಿದಾದ ಭಾಗ. ಮೂರನೆಯ ಸಲ ನಂದಿಯವರೆಗೆ, ನಾಲ್ಕನೆಯದು ಪೂರ್ತಿ. ಎರಡು ಸಲದ ನಡುವೆ ತಿಂಗಳುಗಟ್ಟಲೆ ಬಿಟ್ಟರೆ ರಕ್ಷಣೆ ಕರಗುತ್ತದೆ, ಮತ್ತೆ ಒಂದು ಹಂತ ಹಿಂದಿನಿಂದ ಶುರುಮಾಡಬೇಕು.

ಯಾವ ನೋವು ಸರಿ, ಯಾವುದು ಅಲ್ಲ

ತೊಡೆಯ ಮುಂಭಾಗ ಎರಡೂ ಕಡೆ ಒಂದೇ ಸಮ ಜಡ್ಡುಗಟ್ಟಿದ ಹಾಗೆ ನೋಯುವುದು, ಮುಟ್ಟಿದರೆ ನೋಯುವುದು, ನಾಲ್ಕು ದಿನಕ್ಕೆ ಇಳಿಯುವುದು, ಇದಕ್ಕೆ ಚಿಂತೆ ಬೇಡ. ಆ ದಿನಗಳಲ್ಲಿ ಮಲಗಿಬಿಡುವುದಕ್ಕಿಂತ ಸಮತಟ್ಟಿನಲ್ಲಿ ಮೆಲ್ಲಗೆ ನಡೆಯುವುದು ಹಿತ, ಕುಕ್ಕರಹಳ್ಳಿ ಕೆರೆ ಇರುವುದು ಇಂಥ ದಿನಕ್ಕೇ. ಒಂದೇ ಮಂಡಿ ಚುಚ್ಚುವುದು, ಊದುವುದು, ಮಡಿಸಿದಲ್ಲಿ ಸಿಕ್ಕಿಕೊಳ್ಳುವುದು, ನಡೆಯುವಾಗ ಕೈಕೊಡುವುದು ಇದ್ದರೆ ಎಣ್ಣೆ ಹಚ್ಚಿ ತಿಕ್ಕಿಕೊಂಡು ಕೂರದೆ ಮೂಳೆ ವೈದ್ಯರಿಗೆ ತೋರಿಸಬೇಕು. ವಿಪರೀತ ನೋವಿನ ಜೊತೆ ಮೂತ್ರ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆ. ಸ್ನಾಯು ಅತಿಯಾಗಿ ಒಡೆದಾಗ ಮೂತ್ರಪಿಂಡಕ್ಕೆ ತೊಂದರೆಯಾಗುತ್ತದೆ.

ಹತ್ತುವಾಗ ಎದೆ ಹಿಂಡಿದ ಹಾಗಾದರೆ, ನೋವು ದವಡೆಗೋ ಎಡಗೈಗೋ ಹೋದರೆ, ತಣ್ಣನೆ ಬೆವರು ಬಂದರೆ ಅದನ್ನು ಗ್ಯಾಸ್ ಎಂದುಕೊಂಡು ಇನ್ನೂ ನೂರು ಮೆಟ್ಟಿಲು ಹತ್ತಬಾರದು, ಒಂಟಿಯಾಗಿ ಇಳಿಯಲೂ ಹೊರಡಬಾರದು. ಕೂತು ಪಕ್ಕದವರನ್ನು ಕರೆಯಬೇಕು, 108ಕ್ಕೆ ಫೋನ್ ಮಾಡಿಸಬೇಕು. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಹೆಚ್ಚು ಏರುವುದಿಲ್ಲ, ಅವರು ಕೈಗಡಿಯಾರದ ಅಂಕಿ ನಂಬದೆ ಮಾತಾಡಲು ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲೇಬೇಕು, ಸಕ್ಕರೆ ಇಳಿಯುವುದು ಹತ್ತಿ ಮುಗಿದ ಎಷ್ಟೋ ಹೊತ್ತಿನ ಮೇಲೂ ಆಗಬಹುದು.

ಹೊತ್ತು ಮತ್ತು ಮಳೆ

ಬೆಳಕು ಹರಿದ ಮೇಲೆ ಹೊರಟು ಒಂಬತ್ತರೊಳಗೆ ಇಳಿದಿರುವುದು ಒಳ್ಳೆಯದು. ಕತ್ತಲಲ್ಲಿ ಟಾರ್ಚು ಹಿಡಿದು ಹತ್ತುವ ಉತ್ಸಾಹಿಗಳಿದ್ದಾರೆ. ಇದು ಚಿರತೆ ಇರುವ ಮೀಸಲು ಅರಣ್ಯ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಗೊತ್ತು, ಹಣ್ಣುಕಾಯಿಯನ್ನು ಬಟ್ಟೆಚೀಲದಲ್ಲಿ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡರೆ ಸಾಮಾನ್ಯವಾಗಿ ಸುಮ್ಮನಿರುತ್ತವೆ. ಕಿತ್ತುಕೊಳ್ಳಲು ಬಂದರೆ ಮೆಟ್ಟಿಲ ಮೇಲೆ ಎಳೆದಾಡುವುದಕ್ಕಿಂತ ಚೀಲ ಬಿಟ್ಟುಬಿಡುವುದೇ ಅಗ್ಗ. ಬರಿಗಾಲಿನವರು ಬಿಸಿಲೇರುವ ಮೊದಲೇ ಮುಗಿಸಬೇಕು, ಮಾರ್ಚ್ ಏಪ್ರಿಲಿನಲ್ಲಿ ಹನ್ನೊಂದರ ಕಲ್ಲು ಅಂಗಾಲು ಸುಡುತ್ತದೆ.

ಮಳೆಗಾಲದಲ್ಲಿ ಮರದ ನೆರಳಿರುವ ಮೆಟ್ಟಿಲಿನಲ್ಲಿ ಪಾಚಿ ಕಟ್ಟುತ್ತದೆ, ಶತಮಾನಗಳ ಪಾದ ಸವೆಸಿದ ನಡುಭಾಗದಲ್ಲಿ ನೀರು ನಿಲ್ಲುತ್ತದೆ. ಇಳಿಯುವಾಗ ನಡುವನ್ನು ಬಿಟ್ಟು ಒರಟಾಗಿ ಉಳಿದಿರುವ ಅಂಚಿನ ಕಡೆ ನಡೆಯಬೇಕು. ನಂದಿಯಿಂದ ರಸ್ತೆ ಹಿಡಿದು ಇಳಿಯುವ ಯೋಚನೆ ಇದ್ದರೆ ರಸ್ತೆ ತೆರೆದಿದೆಯೇ ಎಂದು ಮೊದಲೇ ಕೇಳಿಕೊಳ್ಳಿ, 2021ರ ಮಳೆಯಲ್ಲಿ ಅದು ಕುಸಿದಿತ್ತು. ಆಷಾಢದ ಶುಕ್ರವಾರಗಳು ವ್ಯಾಯಾಮದ ದಿನವೇ ಅಲ್ಲ: ಖಾಸಗಿ ವಾಹನ ಮೇಲೆ ಬಿಡುವುದಿಲ್ಲ, ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಬಸ್ಸು, ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಮರುದಿನ ಶನಿವಾರ ಖಾಲಿ ಇರುತ್ತದೆಂದು ಹೊರಡುವವರು ಇನ್ನೊಂದು ನೆನಪಿಟ್ಟುಕೊಳ್ಳಬೇಕು. ಹಿಂದಿನ ದಿನ ಹಚ್ಚಿದ ಅರಿಶಿನ ಕುಂಕುಮ ಜಿನುಗು ಮಳೆಗೆ ನೆನೆದು ಪ್ರತಿ ಮೆಟ್ಟಿಲ ಅಂಚಿನಲ್ಲೂ ಕೆಸರಾಗಿರುತ್ತದೆ, ಇಳಿಯುವವರ ಪಾದದ ಮುಂಭಾಗ ಬೀಳುವುದು ಸರಿಯಾಗಿ ಅಲ್ಲೇ. ಆ ಶನಿವಾರ ಹತ್ತಿದರೆ 201 ನಂಬರಿನ ಬಸ್ಸಿನಲ್ಲಿ ಇಳಿಯಿರಿ.